ಮುದ್ದೆಮಾಲು

ಪಿ.ಎಫ್. ನಂಬರು ನಲವತ್ತೊಂದು:
ಬೆಳ್ಳಿ ಹರಿವಾಣ ಒಂದು. ಅಂಚು ಒಂದು ಕಡೆ ನೆಗ್ಗಿದೆ.
ನೆಗ್ಗಿದ್ದು ಕಾಟಯ್ಯನ ತಲೆಗೆ ಬಡಿದಾಗ
ಎಂದು ಮಹಜರಿನಲ್ಲಿದೆ.
ತಲೆ ಆಗಲೇ ವಾಸಿಯಾಯಿತು.
ಹರಿವಾಣ ಮಾತ್ರ ಹನ್ನೊಂದು ವರ್ಷದಿಂದ
ನಮ್ಮ ಠಾಣೆಯ ಮಾಲ್‌ಖಾನೆಯಲ್ಲಿ
ಕಳ್ಳಭಟ್ಟಿಯ ಕ್ಯಾನು, ಸೈಕಲ್ ಚೈನು,
ಯಾರದೋ ರಕ್ತ ಕಂದಿದ ಲುಂಗಿಯ ಪಕ್ಕ
ಬೋರಲು ಮಲಗಿದೆ.

ಕೀಲಿ ನನ್ನ ಬಳಿ.
ಜಂಪಣ್ಣ, ಹೆಡ್ ಕಾನ್‌ಸ್ಟೇಬಲ್, ಠಾಣೆ ರೈಟರು.
ವರ್ಷಕ್ಕೊಮ್ಮೆ ಅರಗು ಒಡೆದು, ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ.
ಹುಣಸೆಹಣ್ಣಿನ ಖರ್ಚಿಗೆ ವೋಚರ್ ಇಲ್ಲ.

ಬೂದಿಗುಂಡ್ಲಹಟ್ಟಿ ಗುಂಡ್ಲಮ್ಮನ ಮೊದಲ ವೀಳ್ಯ
ಗೌಡರ ರುದ್ರಮುನಿಯಪ್ಪನಿಗೋ
ನಾಯಕರ ಕಾಟಯ್ಯನಿಗೋ?
ಎಲೆ ಎರಡು, ಅಡಿಕೆ ಒಂದು.
ಚಳ್ಳಕೆರೆ ಸಂತೆಯಲ್ಲಿ ಕೇಳಿದರೆ ಮೂರು ರೂಪಾಯಿ ಅಂದಾರು.
ಒಬ್ಬನ ಎರಡೆಕರೆ ಶೇಂಗಾ ಹೊಲ ವಕೀಲರ ಮನೆ ಸೇರಿತು,
ಇನ್ನೊಬ್ಬನ ಮಗಳು ಇನ್ನೂ
‘ಈ ಕೇಸೊಂದು ಮುಗೀಲಿ’ ಅನ್ನುವ ಮಾತಿನೊಳಗೆ ಕೂತಿದ್ದಾಳೆ.

ಕೋರ್ಟು ಹೇಳಿತು: ತೀರ್ಪಾಗುವ ತನಕ ಇಬ್ಬರಿಗೂ ಬೇಡ.
ವೀಳ್ಯವನ್ನು ಸರಹದ್ದಿನ ಪೊಲೀಸ್ ಅಧಿಕಾರಿ ಸ್ವೀಕರಿಸತಕ್ಕದ್ದು.
ಅಂದಿನಿಂದ ಅಮ್ಮನ ಮರ್ಯಾದೆ
ವರ್ಗಾವಣೆ ಪಟ್ಟಿಯ ಪ್ರಕಾರ.

ಖಲಂದರ್ ಸಾಹೇಬರು ಬೂಟು ಬಿಚ್ಚಿ
ತಲೆಗೆ ಕರ್ಚೀಫು ಕಟ್ಟಿ ಎರಡೂ ಕೈಯೊಡ್ಡಿದರು.
ಅಮ್ಮ ಬಲಗಡೆ ಹೂ ಕೊಟ್ಟಳು.
ಜೆಸಿಂತಾ ಮೇಡಂ ತಗೊಳ್ಳುವಾಗ
ಸೊಂಟದ ವಾಕಿಟಾಕಿ ಗರಗರ ಅಂದಿತು.
ಅಮ್ಮ ಆಗಲೂ ಬಲಗಡೆಯೇ.
ಆ ವರ್ಷ ಕೆರೆ ಕೋಡಿ ಬಿತ್ತು.
ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲು
ನನಗೆ ಅಧಿಕಾರವಿಲ್ಲ.

ಹೋದ ವಾಯಿದೆಗೆ ಹಳೇ ಕಡತವೊಂದು ಬಂತು.
ಮೋಡಿ ಓದಬಲ್ಲ ಮುದುಕರೊಬ್ಬರನ್ನು
ದುರ್ಗದಿಂದ ಬಾಡಿಗೆ ಕಾರಿನಲ್ಲಿ ಕರೆತಂದಿದ್ದರು.
ಕನ್ನಡಕ ಹಣೆಗೇರಿಸಿ, ಕಾಗದ ಮೂಗಿಗೆ ತಾಗಿಸಿ ಓದಿದರು:
‘ಅಮ್ಮನವರ ರಾತ್ರಿ ನಿದ್ದೆಗೆಟ್ಟು ಕಾವಲು ಮಾಡಿದ...’
ಅಲ್ಲಿ ಗೆದ್ದಲು.
ಹೆಸರಿದ್ದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು.
‘...ನಿಗೆ ಮೊದಲ ವೀಳ್ಯ ಸಲ್ಲತಕ್ಕದ್ದು.’

ಇಬ್ಬರು ವಕೀಲರೂ ಒಟ್ಟಿಗೇ ಎದ್ದರು,
ತಂತಮ್ಮ ಕಕ್ಷಿದಾರನ ಮುತ್ತಜ್ಜನನ್ನು
ಆ ತೂತಿನೊಳಗೆ ಕೂರಿಸಲು.
ನಾನು ಬಾಗಿಲ ಬಳಿ ಸೀಲು ಹಾಕಿದ ಚೀಲ ಹಿಡಿದು ನಿಂತಿದ್ದೆ.
ಹನ್ನೊಂದು ರಾತ್ರಿ.
ಬಂದೋಬಸ್ತ್ ಭತ್ಯೆ, ಪೊಟ್ಟಣದ ಉಪ್ಪಿಟ್ಟು.
ಲೆಕ್ಕ ಹಾಕಿ ಸುಮ್ಮನಾದೆ.

ಹೊರಗೆ ಚಹದಂಗಡಿಯಲ್ಲಿ ಉರುಮೆ ದುರುಗಜ್ಜ ಸಿಕ್ಕ,
ಯಾರ ಕಡೆಗೂ ಸಾಕ್ಷಿಯಲ್ಲ, ಸುಮ್ಮನೆ ಕೇಳಲು ಬಂದವನು.
‘ಬೆಳಗಾನ ಉರುಮೆ ಬಾರಿಸಿದೋನು
ನಿದ್ದೆ ಮಾಡಿರ್ತಾನೇನ್ ಸಾರ್?’
ನೀನೂ ಒಂದು ಅರ್ಜಿ ಹಾಕಜ್ಜ, ಅಂದೆ.
‘ವಕೀಲಪ್ಪಗೆ ಕೊಡಾಕೆ ನಂತಾವ ಏನೈತೆ?
ಈ ಚರ್ಮ. ಅದೂ ಮೇಕೇದು.’

ಈ ಸಲ ಹೊಸ ಸಬ್ ಇನ್‌ಸ್ಪೆಕ್ಟರು, ಚಿಕ್ಕ ಹುಡುಗ.
ಹರಿವಾಣ ಮುಟ್ಟಿ, ಫೋಟೋ ತೆಗೆಸಿಕೊಂಡು,
ವೀಳ್ಯವನ್ನು ಜೀಪಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು ಮರೆತರು.
ಇಡೀ ರಾತ್ರಿ ಆ ಕಡೆ ಗೌಡರು, ಈ ಕಡೆ ನಾಯಕರು,
ನಡುವೆ ಹಗ್ಗ, ಹಗ್ಗಕ್ಕೆ ನಾನು.
ಉರುಮೆ ಗುರ್ರನೆ ಗುರುಗುಟ್ಟುತ್ತಲೇ ಇತ್ತು.

ಬೆಳಗಿನ ಜಾವ ಎಲ್ಲ ಕರಗಿದ ಮೇಲೆ ನೋಡಿದರೆ
ಎಲೆ ಬಾಡಿತ್ತು, ಪೂರಾ ಒಣಗಿರಲಿಲ್ಲ.
ಹಗ್ಗ ಸುತ್ತುತ್ತಾ ದುರುಗಜ್ಜನನ್ನು ಕರೆದೆ.
ಲಾಠಿಯ ಬುಡದಿಂದ ಅಡಿಕೆ ಕುಟ್ಟಿದೆ.
ಎಲೆ ಅವನಿಗೊಂದು, ನನಗೊಂದು.
ಸುಣ್ಣ ಅವನ ಡಬ್ಬಿಯದು.
ಮಾತಾಡಲಿಲ್ಲ. ಬಾಯಲ್ಲಿ ಜಾಗವೂ ಇರಲಿಲ್ಲ.

ಠಾಣೆಗೆ ಬಂದು ದಿನಚರಿ ಬರೆದೆ:
ಹರಿವಾಣ ಒಂದು, ನೆಗ್ಗು ಮೊದಲಿನಂತೆ, ಮರಳಿ ಜಮಾ.
ಎಲೆ, ಅಡಿಕೆ ಕುರಿತು ಆದೇಶದಲ್ಲಿ ಏನೂ ಇಲ್ಲ.
ಮುಂದಿನ ವಾಯಿದೆ ಆಗಸ್ಟ್ ಒಂಬತ್ತು.

ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತ್ತು.
ಅದನ್ನು ಬರೆಯಲಿಲ್ಲ.